ಮೊಸಳೆ ಮಾಂಸದ ಅಡುಗೆ: ಪಾತ್ರೆಗೆ ಹಾಕುವ ಮುನ್ನ ಕೇಳಬೇಕಾದದ್ದು



ಹಲಾಲ್ ಆಹಾರದ ಕುರಿತು ನಾವು ಜುಮಾ ಖುತ್ಬಾ ನೀಡಿದ ದಿನ ಸಂಜೆ ನಮ್ಮ ಜಮಾಅತಿನ ಒಬ್ಬ ತಾಯಿ ಮನೆಗೆ ಬಂದರು. ಅವರ ಮಗ ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಓದುತ್ತಿದ್ದಾನೆ. ನಾಲ್ವರು ಹುಡುಗರು ಸೇರಿ ಒಂದು ಬಾಡಿಗೆ ಮನೆಯಲ್ಲಿದ್ದಾರೆ, ಅಡುಗೆಮನೆಯೂ ಎಲ್ಲರಿಗೂ ಒಂದೇ. ಅವನು ಕಳುಹಿಸಿದ್ದ ಧ್ವನಿ ಸಂದೇಶವನ್ನು ತಾಯಿ ನಮಗೆ ಕೇಳಿಸಿದರು: "ಅಮ್ಮೀ, ಭಾನುವಾರ ಇವರು ಮನೆಯಲ್ಲಿ ಮೊಸಳೆ ಮಾಂಸ ಮಾಡ್ತಾರಂತೆ. ಮಸಾಲೆ ನಿನ್ನ ಕಡೆಯದು ಅಂದಿದ್ದಾರೆ. ನೀವು ಮೀನಿಗೆ ಹಾಕೋ ಮಸಾಲೆ ಇದಕ್ಕೆ ಸರಿಹೋಗುತ್ತಾ?"

ಆ ತಾಯಿಯ ಸಂಕಟ ಇಷ್ಟೇ: "ಹಝ್ರತ್, ಬೈದರೆ ನಾಳೆಯಿಂದ ಅವನು ನನಗೆ ಏನನ್ನೂ ಹೇಳೋದಿಲ್ಲ. ಸುಮ್ಮನಿದ್ದರೆ ತಿಂದುಬಿಡ್ತಾನೆ. ನಾನೇನು ಹೇಳಲಿ?"

ಇದು ನಕ್ಕು ಬಿಟ್ಟುಬಿಡುವ ಪ್ರಶ್ನೆಯಲ್ಲ. ಓದಲು, ದುಡಿಯಲು ದೂರ ಹೋದ ಮಕ್ಕಳು ಇಂದು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ತಟ್ಟೆಗೆ ಏನು ಬೀಳುತ್ತದೆ ಎಂಬುದನ್ನು ನಾವು ಇಲ್ಲಿ ಕುಳಿತು ಕಾಯಲಾರೆವು. ಕೇಳಿ ತಿಳಿದು ತಿನ್ನುವ ಅಭ್ಯಾಸವನ್ನು ಮಾತ್ರ ಕೊಡಬಲ್ಲೆವು. ಆದ್ದರಿಂದ ಮೊಸಳೆ ಮಾಂಸವನ್ನು ಅಲ್ಲಿ ಹೇಗೆ ಬೇಯಿಸುತ್ತಾರೆ, ನಮಗೆ ಅದರ ವಿಧಿ ಏನು, ಅಂಥ ಮನೆಯಲ್ಲಿ ನಮ್ಮ ಹುಡುಗ ಹೇಗಿರಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಅಲ್ಲಿಯವರು ಬೇಯಿಸುವ ಬಗೆ

ಲೂಸಿಯಾನ ಮತ್ತು ಫ್ಲಾರಿಡಾ ರಾಜ್ಯಗಳ ಜೌಗು ನೆಲದಲ್ಲಿರುವ ಮೊಸಳೆಗೆ ಅಲಿಗೇಟರ್ ಎನ್ನುತ್ತಾರೆ. ನಮ್ಮ ನದಿಗಳ ಮೊಸಳೆಗಿಂತ ಇದು ಬೇರೆ ಜಾತಿ. ಬಾಯಿ ಮುಚ್ಚಿದಾಗ ಇದರ ಕೆಳದವಡೆಯ ಹಲ್ಲುಗಳು ಹೊರಗೆ ಕಾಣುವುದಿಲ್ಲ. ಬೇಟೆ ಮಿತಿಮೀರಿ ಸಂತತಿ ಕುಸಿದಾಗ ಲೂಸಿಯಾನ ಸರಕಾರ 1962ರಲ್ಲಿ ಬೇಟೆಯನ್ನು ನಿಲ್ಲಿಸಿತು. ಸಂತತಿ ಚೇತರಿಸಿಕೊಂಡ ಬಳಿಕ, 1972ರಲ್ಲಿ, ಕಟ್ಟುಪಾಡುಗಳೊಂದಿಗೆ ಮತ್ತೆ ಅನುಮತಿಸಿತು. ಈಗ ಸಾಕಣೆ ಕೇಂದ್ರಗಳೂ ಇವೆ. ಮಾಂಸ ಶೈತ್ಯೀಕರಿಸಿದ ಪೊಟ್ಟಣಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ.

ಬಾಲದ ಮಾಂಸ ಬೆಳ್ಳಗೆ, ಮೃದುವಾಗಿರುತ್ತದೆ. ಕಾಲಿನ ಮಾಂಸ ಕಪ್ಪು, ಗಟ್ಟಿ. ಕೊಬ್ಬಿಗೆ ವಾಸನೆ ಜಾಸ್ತಿ ಎಂದು ಮೊದಲು ಅದನ್ನೆಲ್ಲ ತೆಗೆದುಹಾಕುತ್ತಾರೆ. ತುಂಡುಗಳನ್ನು ಹಾಲಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿಡುತ್ತಾರೆ. ಮುಂದೆ ಅಡುಗೆಗೆ ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಕರಿಯುವುದು. ಬಾಲದ ಸಣ್ಣ ತುಂಡುಗಳನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕಾದ ಎಣ್ಣೆಯಲ್ಲಿ ಬೇಗ ಕರಿದು ತೆಗೆಯುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ರಬ್ಬರಿನಂತಾಗುತ್ತದೆ. ಎರಡನೆಯದು 'ಸಾಸ್ ಪಿಕಾಂಟ್' ಎಂಬ ಖಾರದ ಸಾರು. ಎಣ್ಣೆಯಲ್ಲಿ ಮೈದಾ ಹುರಿದು, ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲೆರಿ, ಟೊಮೆಟೊ ಹಾಕಿ, ಗಟ್ಟಿ ಮಾಂಸವನ್ನು ಸಣ್ಣ ಉರಿಯಲ್ಲಿ ಗಂಟೆಗೂ ಹೆಚ್ಚು ಬೇಯಿಸುತ್ತಾರೆ. ಮೂರನೆಯದು ಸಾಸೇಜ್ ಜೊತೆ ಸೇರಿಸಿ ಮಾಡುವ 'ಗಂಬೊ' ಮತ್ತು 'ಜಂಬಲಾಯ'. ಗಂಬೊ ಅನ್ನದ ಜೊತೆ ಉಣ್ಣುವ ಗಟ್ಟಿ ಸಾರು, ಜಂಬಲಾಯ ನಮ್ಮ ಪುಲಾವಿನಂಥದ್ದು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮಾಂಸದ ಪ್ರಶ್ನೆಯನ್ನು ಬದಿಗಿಟ್ಟರೂ ಈ ಅಡುಗೆಗಳಲ್ಲಿ ಹರಾಮ್ ಒಳಗೆ ಬರುವ ಬಾಗಿಲುಗಳು ಹಲವು. ಕರಿಯುವ ಹಿಟ್ಟನ್ನು ಕೆಲವರು ಬಿಯರ್‌ನಲ್ಲಿ ಕಲಸುತ್ತಾರೆ. ಸಾರಿಗೆ ವೈನ್ ಸುರಿಯುವವರಿದ್ದಾರೆ. ಗಂಬೊಗೆ ಹಾಕುವ 'ಆಂಡೂಯಿ' ಸಾಸೇಜ್ ಹಂದಿ ಮಾಂಸದ್ದು. ಅಂಗಡಿಯಲ್ಲಿ ಸಿಗುವ ಮೊಸಳೆ ಸಾಸೇಜ್‌ನಲ್ಲೂ ಹಲವು ಬಾರಿ ಹಂದಿ ಮಾಂಸ ಬೆರೆತಿರುತ್ತದೆ. ಹುರಿಯಲು ಹಂದಿಯ ಕೊಬ್ಬನ್ನು ಬಳಸುವುದೂ ಉಂಟು. ಪೊಟ್ಟಣದ ಮುಂದೆ ದೊಡ್ಡ ಅಕ್ಷರದಲ್ಲಿರುವ ಹೆಸರನ್ನಷ್ಟೇ ನೋಡಿದರೆ ಸಾಲದು, ಹಿಂದಿನ ಸಣ್ಣ ಅಕ್ಷರಗಳನ್ನೂ ಓದಬೇಕು.

ಶರೀಅತ್ ಏನು ಹೇಳುತ್ತದೆ?

"ಮೊಸಳೆ ನೀರಿನಲ್ಲಿರುವುದಲ್ಲವೇ, ಮೀನಿನ ಹಾಗೆ ಹಲಾಲ್ ಅಲ್ಲವೇ?" ಎಂದು ಹುಡುಗರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಸೂರಃ ಅಲ್ ಮಾಇದಃದ 96ನೇ ಆಯತ್ ನೀರಿನ ಬೇಟೆಯನ್ನು ನಮಗೆ ಅನುಮತಿಸಿದೆ. ಕೋರೆಹಲ್ಲಿನಿಂದ ಬೇಟೆಯಾಡುವ ಪ್ರಾಣಿಗಳನ್ನು ತಿನ್ನಬಾರದೆಂದು ಪ್ರವಾದಿ ಮುಹಮ್ಮದ್(ಸ) ತಡೆದಿರುವುದೂ ಸಹೀಹ್ ಹದೀಸ್‌ಗಳಲ್ಲಿದೆ. ಮೊಸಳೆ ಈ ಎರಡೂ ಮಾತುಗಳ ನಡುವೆ ಬಂದು ನಿಲ್ಲುವ ಪ್ರಾಣಿ. ನೀರಿನಲ್ಲಿ ಬೇಟೆಯಾಡುತ್ತದೆ, ದಡದಲ್ಲಿ ಮಲಗುತ್ತದೆ, ನೆಲದ ಮೇಲೆ ಮೊಟ್ಟೆಯಿಡುತ್ತದೆ. ಆದ್ದರಿಂದಲೇ ಉಲಮಾಗಳು ಇದರ ಬಗ್ಗೆ ಪ್ರತ್ಯೇಕವಾಗಿ ಬರೆದರು.

ಹನಫಿ ಮದ್‌ಹಬ್‌ನಲ್ಲಿ ನೀರಿನ ಪ್ರಾಣಿಗಳ ಪೈಕಿ ಮೀನು ಮಾತ್ರ ಹಲಾಲ್. ಮೊಸಳೆ ಮೀನಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಸಮುದ್ರದ ಆಹಾರಕ್ಕೆ ಬಾಗಿಲು ಇನ್ನೂ ಅಗಲ. ಆದರೂ ಮೊಸಳೆ ಹರಾಮ್ ಎಂಬುದನ್ನೇ ಇಮಾಮ್ ನವವಿ(ರ) ಸರಿಯಾದ ಹಾಗೂ ಪ್ರಸಿದ್ಧ ಅಭಿಪ್ರಾಯವೆಂದು ದಾಖಲಿಸಿದ್ದಾರೆ. ಹಂಬಲಿಗಳೂ ಅದನ್ನು ಹೊರಗಿಟ್ಟಿದ್ದಾರೆ. ಮಾಲಿಕಿ ಮದ್‌ಹಬ್‌ನಲ್ಲಿ ಮಾತ್ರ ಅನುಮತಿ ಇದೆ.

ನಮ್ಮ ಜಮಾಅತಿನಲ್ಲಿ ಹನಫಿಗಳೂ ಇದ್ದಾರೆ, ಕರಾವಳಿಯಿಂದ ಬಂದು ನೆಲೆಸಿದ ಶಾಫಿಈಗಳೂ ಇದ್ದಾರೆ. ಏಡಿಯ ವಿಷಯದಲ್ಲಿ ಒಂದೇ ದಸ್ತರ್‌ಖಾನಿನ ಮೇಲೆ ಎಷ್ಟು ಚರ್ಚೆಯಾಗುತ್ತದೆಂದು ನಿಮಗೆ ಗೊತ್ತು. ಮೊಸಳೆಯ ವಿಷಯದಲ್ಲಿ ಆ ಚರ್ಚೆಯೂ ಬೇಕಿಲ್ಲ. ಇಬ್ಬರ ಉತ್ತರವೂ ಒಂದೇ: ನಮಗೆ ಅದು ಇಲ್ಲ.

ಆದರೆ ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಬೇಕು. ಮೊರಾಕೊ, ಸೆನೆಗಲ್, ನೈಜೀರಿಯಾ ಮುಂತಾದ ದೇಶಗಳ ಮುಸ್ಲಿಮರಲ್ಲಿ ಹೆಚ್ಚಿನವರು ಮಾಲಿಕಿಗಳು. ಅಮೆರಿಕದ ಮಸೀದಿಯಲ್ಲಿ ನಮ್ಮ ಹುಡುಗನ ಪಕ್ಕದ ಸಫ್‌ನಲ್ಲಿ ನಿಂತ ಸಹೋದರ ತನ್ನ ಇಮಾಮರ ಮಾತಿನಂತೆ ಅದನ್ನು ತಿನ್ನಬಹುದು. ಅವನನ್ನು ಹರಾಮ್ ತಿನ್ನುವವನೆಂದು ಬೆರಳು ತೋರಿಸುವ ಹಕ್ಕು ನಮಗಿಲ್ಲ. ಹಾಗೆಯೇ, ನಾಲಿಗೆಯ ಆಸೆಗಾಗಿ ಒಂದು ದಿನದ ಮಟ್ಟಿಗೆ ಅವನ ಮದ್‌ಹಬ್ ಸೇರಿ ಬರುವುದೂ ಪ್ರಾಮಾಣಿಕತೆಯಲ್ಲ.

ಇಂಥ ಪ್ರಶ್ನೆ ನಮಗೆ ಮಾತ್ರ ಬರುವುದೂ ಅಲ್ಲ. ಉಪವಾಸದ ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುವ ಕ್ಯಾಥೊಲಿಕರೊಬ್ಬರು ಮೊಸಳೆ ತಿನ್ನಬಹುದೇ ಎಂದು ಕೇಳಿದಾಗ, 2010ರಲ್ಲಿ ನ್ಯೂ ಆರ್ಲಿಯನ್ಸ್‌ನ ಆರ್ಚ್‌ಬಿಷಪ್ ಅದನ್ನು ಮೀನಿನ ಸಾಲಿಗೆ ಸೇರಿಸಿ ಉತ್ತರಿಸಿದ್ದರು. ಅವರ ಉತ್ತರ ಅವರಿಗೆ. ಕೇಳಿ ತಿನ್ನಬೇಕೆಂಬ ಎಚ್ಚರ ಮಾತ್ರ ಅಲ್ಲಿಯೂ ಇದೆ.

ನಮ್ಮ ನಾಡಿನ ಮಟ್ಟಿಗೆ ಈ ಪ್ರಶ್ನೆಗೆ ಕಾನೂನಿನ ಬೇಲಿಯೂ ಇದೆ. ದಾಂಡೇಲಿಯ ಕಾಳಿ ನದಿಯಲ್ಲಿ, ರಂಗನತಿಟ್ಟಿನಲ್ಲಿ ನಾವು ಕಾಣುವ ಮೊಸಳೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನ ರಕ್ಷಣೆಯಿದೆ. ಅವನ್ನು ಕೊಲ್ಲುವುದು ಜೈಲಿಗೆ ದಾರಿ.

ಒಂದೇ ಅಡುಗೆಮನೆಯಲ್ಲಿ ಹೇಗಿರಬೇಕು?

ಮೈಮೂನಾ(ರ)ರವರ ಮನೆಯಲ್ಲಿ ಒಮ್ಮೆ ಸುಟ್ಟ ಉಡವನ್ನು ಪ್ರವಾದಿಯವರ(ಸ) ಮುಂದೆ ಇಡಲಾಯಿತು. ಅದು ಏನೆಂದು ತಿಳಿಸಿದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ತನ್ನ ಜನರ ನಾಡಿನಲ್ಲಿ ಅದಿರಲಿಲ್ಲ, ಹಾಗಾಗಿ ತನಗೆ ಮನಸ್ಸಾಗುತ್ತಿಲ್ಲ ಎಂದು ಪ್ರವಾದಿಯವರು(ಸ) ತಿಳಿಸಿದರು. ಖಾಲಿದ್(ರ) ಅವರೆದುರೇ ಅದನ್ನು ತಿಂದರು. ಉಡದ ವಿಧಿಯ ಬಗ್ಗೆ ಮದ್‌ಹಬ್‌ಗಳ ಮಾತು ಬೇರೆ ಬೇರೆ. ನಾವು ಇಲ್ಲಿ ನೋಡಬೇಕಾದದ್ದು ಅದಬನ್ನು. ಅವರು ತಿನ್ನಲಿಲ್ಲ. ಆದರೆ ಮುಖ ಸಿಂಡರಿಸಲಿಲ್ಲ, ಊಟವನ್ನು ಹೀಯಾಳಿಸಲಿಲ್ಲ, ಎದುರಿನವರಿಗೆ ಮುಜುಗರ ಮಾಡಲಿಲ್ಲ.

ನಮ್ಮ ಹುಡುಗನೂ ಹಾಗೆಯೇ ಹೇಳಬಹುದು: "ನನ್ನ ಧರ್ಮದಲ್ಲಿ ನಾನು ಇದನ್ನು ತಿನ್ನುವಂತಿಲ್ಲ. ನೀವು ಮಾಡಿ, ನಾನು ನನ್ನದೊಂದು ಅಡುಗೆ ಮಾಡಿ ತರುತ್ತೇನೆ." ಇದನ್ನು ಮೊದಲೇ ಹೇಳಿದರೆ ಯಾರಿಗೂ ಬೇಸರವಿಲ್ಲ. ತಟ್ಟೆಗೆ ಬಡಿಸಿದ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ.

ಇನ್ನು ಪಾತ್ರೆಯ ಮಾತು. ಮೊಸಳೆ ಕರಿದ ಎಣ್ಣೆಯಲ್ಲಿ ನಮ್ಮ ಅಡುಗೆ ಬೇಡ. ಚಾಕು, ಹಲಗೆ, ಬಾಣಲೆಗಳನ್ನು ಚೆನ್ನಾಗಿ ತೊಳೆದು ಬಳಸಬಹುದು. ಹಂದಿ ಮಾಂಸ ತಾಗಿದ್ದರೆ ಶಾಫಿಈ ಮದ್‌ಹಬ್‌ನಲ್ಲಿ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆತ ನೀರಿನಿಂದ ತೊಳೆಯಬೇಕು. ಬಾಡಿಗೆ ಮನೆಯಲ್ಲಿ ಇದು ದಿನವೂ ಆಗುವ ಕೆಲಸವಲ್ಲ. ಒಂದು ಬಾಣಲೆ, ಒಂದು ಚಾಕು, ಒಂದು ಹಲಗೆ ಸ್ವಂತದ್ದಿಟ್ಟುಕೊಳ್ಳುವುದೇ ಸುಲಭ.

ಅದೇ ರುಚಿ, ಹಲಾಲಾಗಿ

ಬೇಡ ಎಂದು ಹೇಳಿದ ಮೇಲೆ ಬೇರೇನು ಎಂಬುದನ್ನೂ ಹೇಳಬೇಕು. ಲೂಸಿಯಾನದಲ್ಲಿ ಕ್ಯಾಟ್‌ಫಿಶ್, ಅಂದರೆ ಮೀಸೆ ಮೀನು, ಯಥೇಚ್ಛ. ಅದು ಮೀನು, ಎರಡೂ ಮದ್‌ಹಬ್‌ಗಳಲ್ಲಿ ಹಲಾಲ್. ಅರ್ಧ ಕೆಜಿ ತುಂಡುಗಳಿಗೆ ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ ಸವರಿ, ಒಂದು ಲೋಟ ಮಜ್ಜಿಗೆಯಲ್ಲಿ ಅರ್ಧ ಗಂಟೆ ನೆನೆಸಿಡಿ. ಒಂದು ಲೋಟ ಮೆಕ್ಕೆಜೋಳದ ಹಿಟ್ಟಿಗೆ ಕಾಲು ಲೋಟ ಮೈದಾ, ಸ್ವಲ್ಪ ಕಾಳುಮೆಣಸಿನ ಪುಡಿ, ಉಪ್ಪು ಬೆರೆಸಿ, ತುಂಡುಗಳನ್ನು ಹೊರಳಿಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಕರಿಯಿರಿ. ನಿಂಬೆ ಹಿಂಡಿ ಕೊಡಿ.

ಗಂಬೊ ಬೇಕಿದ್ದರೆ ಹಲಾಲ್ ಅಂಗಡಿಯ ಕೋಳಿ ಸಾಕು. ನಾಲ್ಕು ಚಮಚ ಎಣ್ಣೆಯಲ್ಲಿ ನಾಲ್ಕು ಚಮಚ ಮೈದಾವನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಹುರಿದು, ಕಂದು ಬಣ್ಣಕ್ಕೆ ಬಂದಾಗ ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲೆರಿ ಹಾಕಿ. ಬಳಿಕ ಕೋಳಿ, ನೀರು, ಬೆಂಡೆಕಾಯಿ ಸೇರಿಸಿ ಮುಕ್ಕಾಲು ಗಂಟೆ ಬೇಯಿಸಿ ಅನ್ನದ ಜೊತೆ ಬಡಿಸಿ.

ಆ ತಾಯಿ ಅಂದು ನಮ್ಮ ಮನೆಯಲ್ಲೇ ಕುಳಿತು ಮಗನಿಗೆ ಉತ್ತರ ಕಳುಹಿಸಿದರು. ಬೈಯಲಿಲ್ಲ. "ಕೇಳಿದ್ದಕ್ಕೆ ಖುಷಿಯಾಯ್ತು ಮಗಾ. ಮೊಸಳೆ ನಮಗಿಲ್ಲ. ಮಸಾಲೆ ಹೇಳ್ತೀನಿ, ಮೀನಿಗೆ ಹಾಕು, ಎಲ್ಲರಿಗೂ ಕೊಡು" ಎಂದರು. ಭಾನುವಾರ ರಾತ್ರಿ ಅವನು ಖಾಲಿ ತಟ್ಟೆಯೊಂದರ ಚಿತ್ರ ಕಳುಹಿಸಿದ್ದನಂತೆ. ಮೀನು ಮೊದಲು ಖಾಲಿಯಾಗಿತ್ತಂತೆ.

ಪೋಷಕರೇ, ಮಕ್ಕಳು ದೂರದಿಂದ ಕೇಳುವ ಪ್ರಶ್ನೆ ಎಷ್ಟೇ ವಿಚಿತ್ರವಾಗಿರಲಿ, ಅದು ನಮ್ಮ ಕೈಯಲ್ಲಿ ಉಳಿದಿರುವ ದಾರ. ಅದನ್ನು ಕೋಪದಿಂದ ಕಡಿಯಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ, ಆದರೆ ಉತ್ತರ ಕೊಡಿ. ನಮ್ಮ ಮಕ್ಕಳು ಎಲ್ಲಿದ್ದರೂ ಅವರಿಗೆ ಹಲಾಲಾದ, ಶುದ್ಧವಾದ ಅನ್ನವನ್ನೂ ಅದನ್ನು ಗುರುತಿಸುವ ಅರಿವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.