ಸರ್ಕಾರಿ ಅರಣ್ಯಗಳ ಕಾಲುದಾರಿಗಳೂ ಹಂಗಾಮಿ ಕೆಲಸಗಾರರೂ

ಬೆಟ್ಟಗಾಡಿನಲ್ಲಿ ದಾರಿಯನ್ನು ಕಡಿಯುವುದು ಒಂದು ಸಲದ ಕೆಲಸ. ಅದನ್ನು ಉಳಿಸಿಕೊಳ್ಳುವುದು ಪ್ರತಿ ವರ್ಷದ ಕೆಲಸ. ಮೊದಲನೆಯದಕ್ಕೆ ಒದಗುವ ಹಣವೂ ಉತ್ಸಾಹವೂ ಎರಡನೆಯದಕ್ಕೆ ಒದಗುವುದು ಅಪೂರ್ವ. ಕೆರೆ, ಕಾಲುವೆ, ಬದುಗಳ ವಿಷಯದಲ್ಲಿ ನಮ್ಮ ರೈತರು ಈ ಸಂಗತಿಯನ್ನು ಅನುಭವದಿಂದ ಬಲ್ಲರು. ಅಮೆರಿಕಾ ಸಂಯುಕ್ತ ಸಂಸ್ಥಾನದ ಸರ್ಕಾರಿ ಅರಣ್ಯಗಳಲ್ಲಿ ಇದೇ ಸಂಗತಿಯು ಬಹು ದೊಡ್ಡ ಪ್ರಮಾಣದಲ್ಲಿ ಕಂಡುಬರುತ್ತದೆ. ಅಲ್ಲಿನ ಕಾಲುದಾರಿಗಳನ್ನು ಹಂಗಾಮಿ ಕೆಲಸಗಾರರು ದುರಸ್ತಿಯಲ್ಲಿಡುವ ಕ್ರಮವನ್ನೂ, ಅದರಿಂದ ಮಲೆನಾಡಿನ ಬೇಸಾಯಗಾರರು ತಿಳಿಯಬಹುದಾದ ಅಂಶಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಆ ದೇಶದ ರಾಷ್ಟ್ರೀಯ ಅರಣ್ಯಗಳ ಆಡಳಿತವು ೧೯೦೫ನೆಯ ಇಸವಿಯಿಂದ ವ್ಯವಸಾಯ ಇಲಾಖೆಗೆ ಸೇರಿರುವುದು ಗಮನಿಸತಕ್ಕ ವಿಷಯ. ಈ ಅರಣ್ಯಗಳು ೧೫೪ ಇದ್ದು, ಹುಲ್ಲುಗಾವಲುಗಳೂ ಸೇರಿ ಇವುಗಳ ವಿಸ್ತೀರ್ಣವು ಸುಮಾರು ೧೯ ಕೋಟಿ ೩೦ ಲಕ್ಷ ಎಕರೆಗಳಷ್ಟಿದೆ. ಇವುಗಳಲ್ಲಿ ಹಾದುಹೋಗುವ ಕಾಲುದಾರಿಗಳ ಒಟ್ಟು ಉದ್ದವು ೨೦೧೩ರ ಲೆಕ್ಕದ ಪ್ರಕಾರ ೧,೫೮,೦೦೦ ಮೈಲಿಗಳು. ಎಂದರೆ ಭೂಮಂಡಲವನ್ನು ಆರು ಸಲ ಸುತ್ತಿದರೂ ಮಿಗುವಷ್ಟು.

ಮೊದಮೊದಲು ಈ ದಾರಿಗಳಲ್ಲಿ ಅನೇಕವು ಅರಣ್ಯದ ಕಾವಲುಗಾರರು ಕಾಳ್ಗಿಚ್ಚು ಬಿದ್ದ ಸ್ಥಳಕ್ಕೆ ಬೇಗ ತಲಪಲೆಂದು ಕಡಿಯಲ್ಪಟ್ಟವು. ೧೯೩೩ರಿಂದ ೧೯೪೨ರವರೆಗೆ, ನಿರುದ್ಯೋಗವು ತೀವ್ರವಾಗಿದ್ದ ಕಾಲದಲ್ಲಿ, ಸರ್ಕಾರವು ಸುಮಾರು ೩೦ ಲಕ್ಷ ತರುಣರನ್ನು ದಳಗಳಾಗಿ ಸೇರಿಸಿ ಗಿಡ ನೆಡುವುದು, ಮಣ್ಣು ಸವೆಯದಂತೆ ತಡೆಯುವುದು, ದಾರಿ ಕಡಿಯುವುದು ಮುಂತಾದ ಕೆಲಸಗಳಲ್ಲಿ ತೊಡಗಿಸಿತು. ಅವರ ಮಾಸಿಕ ವೇತನವಾದ ೩೦ ಡಾಲರುಗಳಲ್ಲಿ ಸಾಧಾರಣವಾಗಿ ೨೫ ಡಾಲರುಗಳು ನೇರವಾಗಿ ಮನೆಗೆ ಹೋಗುತ್ತಿದ್ದುವು. ಆ ತರುಣರು ಕಟ್ಟಿದ ಕಲ್ಲುಕಟ್ಟಣೆಗಳು ಇಂದಿಗೂ ಎಷ್ಟೋ ಕಡೆ ನಿಂತಿವೆ.

ಹಂಗಾಮು ಮತ್ತು ಕೆಲಸದ ಕ್ರಮ.—ಎತ್ತರದ ಪರ್ವತಗಳಲ್ಲಿ ಹಿಮವು ಕರಗಿದ ಮೇಲೆಯೇ ಕೆಲಸಕ್ಕೆ ಆಸ್ಪದವಿರುವುದರಿಂದ ಅಲ್ಲಿ ಹಂಗಾಮು ಸಾಧಾರಣವಾಗಿ ಜೂನ್ ತಿಂಗಳಲ್ಲಿ ಆರಂಭವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಮುಗಿಯುತ್ತದೆ. ನಾಲ್ಕರಿಂದ ಎಂಟು ಜನರ ತಂಡವು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಒಳಕಾಡಿಗೆ ಹೋಗಿ, ಎಂಟು ಹತ್ತು ದಿವಸಗಳ ಕಾಲ ಗುಡಾರಗಳಲ್ಲಿ ತಂಗಿದ್ದು, ಕೆಲಸ ಮುಗಿಸಿ ಹಿಂದಿರುಗುತ್ತದೆ. ಮೊದಲು ಚಳಿಗಾಲದಲ್ಲಿ ದಾರಿಗೆ ಅಡ್ಡಲಾಗಿ ಬಿದ್ದಿರುವ ಮರಗಳನ್ನು ಕತ್ತರಿಸಿ ಉರುಳಿಸುವರು. ಅನಂತರ ನೀರು ಹರಿದುಹೋಗುವ ಬಾಯಿಗಳನ್ನು ಬಿಡಿಸುವರು. ಆಮೇಲೆ ಇಕ್ಕೆಲದ ಪೊದೆಗಳನ್ನು ಸವರುವರು. ಕೊನೆಗೆ ಕಾಲಿಡುವ ನೆಲವನ್ನು ಸರಿಪಡಿಸುವರು.

ದಾರಿಯ ಮುಖ್ಯ ಶತ್ರು.—ಕಾಲುದಾರಿಯು ನಡೆಯುವವರ ಪಾದಗಳಿಂದ ಸವೆಯುವುದಕ್ಕಿಂತ ಹೆಚ್ಚಾಗಿ ನೀರಿನಿಂದ ಕೆಡುತ್ತದೆ. ಬೆಟ್ಟದ ಮೇಲಿನಿಂದ ಇಳಿದ ನೀರು ದಾರಿಯನ್ನು ಅಡ್ಡಲಾಗಿ ದಾಟಿ ಹೋದರೆ ಕೇಡಿಲ್ಲ. ಅದು ದಾರಿಯುದ್ದಕ್ಕೂ ಹರಿಯತೊಡಗಿದರೆ ವೇಗವು ಹೆಚ್ಚಿ, ಮಣ್ಣನ್ನು ಕೊಚ್ಚಿ, ಕೆಲವೇ ವರ್ಷಗಳಲ್ಲಿ ದಾರಿಯನ್ನು ಕೊರಕಲಾಗಿ ಮಾಡಿಬಿಡುತ್ತದೆ. ಆಗ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡನ್ನು ಮಾಡಿಕೊಳ್ಳುವರು, ಅದೂ ಕೊರೆಯುವುದು, ಹೀಗೆ ಒಂದು ದಾರಿಯ ಸ್ಥಳದಲ್ಲಿ ಮೂರು ನಾಲ್ಕು ಗಾಯಗಳು ಉಂಟಾಗುವುವು.

ಇದನ್ನು ತಡೆಯಲು ಅವರು ಅನುಸರಿಸುವ ನಿಯಮಗಳು ಸರಳವಾದುವು. ಒಂದನೆಯದು, ದಾರಿಯ ಏರು ಬೆಟ್ಟದ ಪಕ್ಕದ ಇಳಿಜಾರಿನಲ್ಲಿ ಅರ್ಧಕ್ಕಿಂತ ಹೆಚ್ಚಾಗಿರಬಾರದು. ನೂರು ಅಡಿಗೆ ೨೦ ಅಡಿ ಇಳಿಯುವ ಪಕ್ಕದಲ್ಲಿ ದಾರಿಯು ನೂರು ಅಡಿಗೆ ೧೦ ಅಡಿಗಿಂತ ಹೆಚ್ಚು ಏರಿದರೆ, ನೀರು ದಾಟುವುದನ್ನು ಬಿಟ್ಟು ದಾರಿಯನ್ನೇ ಹಿಡಿಯುತ್ತದೆ. ಎರಡನೆಯದು, ನಡೆಯುವ ನೆಲವು ಕಣಿವೆಯ ಕಡೆಗೆ ನೂರಕ್ಕೆ ಐದರಷ್ಟು ವಾಲಿರಬೇಕು. ಮೂರನೆಯದು, ನೇರವಾಗಿ ಏರುವ ದಾರಿಯಲ್ಲಿ ಅಲ್ಲಲ್ಲಿ ಸ್ವಲ್ಪ ದೂರ ಇಳಿಜಾರು ಕೊಟ್ಟು ಮತ್ತೆ ಏರಿಸಬೇಕು. ತಗ್ಗಿನಲ್ಲಿ ನೀರು ತಾನಾಗಿಯೇ ಹೊರಗೆ ಹೋಗುವುದು. ಇದು ಸಾಧ್ಯವಿಲ್ಲದ ಹಳೆಯ ದಾರಿಗಳಲ್ಲಿ ದಿಮ್ಮಿಯನ್ನಾಗಲಿ ಕಲ್ಲುಗಳನ್ನಾಗಲಿ ಓರೆಯಾಗಿ ಹೂತು ಅಡ್ಡಗಟ್ಟೆಯನ್ನು ಮಾಡುವರು. ಗಟ್ಟೆಯನ್ನು ದಾರಿಗೆ ನೆಟ್ಟನೆ ಅಡ್ಡವಾಗಿ ಹಾಕಿದರೆ ಹೂಳು ಬೇಗ ತುಂಬಿ, ನೀರು ಅದರ ಮೇಲೆಯೇ ಹರಿಯುವುದು; ಓರೆಯಾಗಿದ್ದರೆ ನೀರು ಹೂಳನ್ನು ತನ್ನೊಡನೆ ಒಯ್ಯುವುದು.

ಎಷ್ಟು ಚೆನ್ನಾಗಿ ಹಾಕಿದ್ದರೂ ಅಡ್ಡಗಟ್ಟೆಯ ಬಾಯಿಯಲ್ಲಿ ಎಲೆಯೂ ಹೂಳೂ ಸೇರದೆ ಇರುವುದಿಲ್ಲ. ಅದನ್ನು ತೆಗೆಯಲು ಗುದ್ದಲಿಯಿದ್ದ ಒಬ್ಬ ಆಳಿಗೆ ಹೆಚ್ಚು ಹೊತ್ತು ಹಿಡಿಯದು. ತೆಗೆಯದೆ ಎರಡು ಮೂರು ವರ್ಷ ಬಿಟ್ಟರೆ ಗಟ್ಟೆಯೇ ನಿಷ್ಪ್ರಯೋಜಕವಾಗಿ, ಕೆಳಗಿನ ದಾರಿಯೆಲ್ಲ ಕೊಚ್ಚಿಹೋಗಿ, ಇಡೀ ತಂಡವು ವಾರಗಟ್ಟಲೆ ದುಡಿಯಬೇಕಾಗುವುದು. ಹಂಗಾಮಿ ಕೆಲಸಗಾರನ ಉಪಯೋಗವು ಇರುವುದು ಇಲ್ಲಿಯೇ.

ಉಪಕರಣಗಳು.—ಒಂದು ಪಕ್ಕ ಕೊಡಲಿಯೂ ಮತ್ತೊಂದು ಪಕ್ಕ ಅಗಲವಾದ ಗುದ್ದಲಿಯೂ ಇರುವ ಆಯುಧವು ಇವರಿಗೆ ಬಹು ಪ್ರಿಯವಾದುದು. ೧೯೧೦ರ ಆಗಸ್ಟ್ ತಿಂಗಳ ಮಹಾ ಕಾಳ್ಗಿಚ್ಚಿನಲ್ಲಿ ಇಡಾಹೋ ಪ್ರಾಂತದ ವಾಲೇಸ್ ಪಟ್ಟಣದ ಬಳಿ ತನ್ನ ಆಳುಗಳನ್ನು ಗಣಿಯ ಸುರಂಗದೊಳಕ್ಕೆ ನಡೆಸಿ ಬಹುಮಂದಿಯ ಪ್ರಾಣವನ್ನುಳಿಸಿದ ಎಡ್ವರ್ಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿಯ ಹೆಸರಿನಿಂದ ಇದು ಪುಲಾಸ್ಕಿಯೆಂದು ಕರೆಯಲ್ಪಡುತ್ತದೆ.

೧೯೬೪ರ ಶಾಸನದ ಮೂಲಕ ನಿಸರ್ಗಸ್ಥಿತಿಯಲ್ಲಿಯೇ ಬಿಡಬೇಕೆಂದು ಗೊತ್ತುಮಾಡಿದ ಅರಣ್ಯಭಾಗಗಳಲ್ಲಿ ಯಂತ್ರದ ಗರಗಸವನ್ನು ಸಾಮಾನ್ಯವಾಗಿ ಬಳಸಕೂಡದು. ಆದುದರಿಂದ ಅಲ್ಲಿ ಇಬ್ಬರು ಎಳೆಯುವ ಉದ್ದ ಗರಗಸವೇ ಇಂದಿಗೂ ಬಳಕೆಯಲ್ಲಿದೆ. ಗರಗಸವನ್ನು ಎಳೆಯಬೇಕೇ ಹೊರತು ತಳ್ಳಬಾರದು. ತಳ್ಳಿದರೆ ಅಲಗು ಬಾಗಿ ಸಿಕ್ಕಿಕೊಳ್ಳುವುದು. ಬಿದ್ದ ಮರವು ಎರಡು ತುದಿಗಳಲ್ಲಿ ಮಾತ್ರ ಆತುಕೊಂಡಿದ್ದರೆ ಅದರ ಮೇಲ್ಭಾಗವು ಒತ್ತಲ್ಪಟ್ಟು ಕೆಳಭಾಗವು ಜಗ್ಗಲ್ಪಟ್ಟಿರುವುದು. ಇದನ್ನು ಪರೀಕ್ಷಿಸದೆ ಕೊಯ್ದರೆ ಗರಗಸವು ಕಚ್ಚಿಕೊಳ್ಳುವುದಲ್ಲದೆ, ದಿಮ್ಮಿಯು ಹಠಾತ್ತಾಗಿ ಸಿಡಿದು ಅಥವಾ ಉರುಳಿ ಆಳಿನ ಪ್ರಾಣಕ್ಕೇ ಅಪಾಯವುಂಟಾಗಬಹುದು. ಆದಕಾರಣ ಅನುಭವಶಾಲಿಯು ಮೊದಲು ಮರದ ಸುತ್ತ ನಡೆದು ನೋಡಿ, ಬೆಟ್ಟದ ಮೇಲ್ಗಡೆಯಲ್ಲಿ ನಿಂತು, ಬೆಣೆಗಳನ್ನು ಹೊಡೆಯುತ್ತ ಕೊಯ್ಯುವನು. ಈ ವಿದ್ಯೆಯು ಪುಸ್ತಕದಿಂದ ಅರ್ಧ ಬರುವುದು. ಮಿಕ್ಕರ್ಧವು ಹಿಂದಿನ ಹಂಗಾಮಿನಲ್ಲಿ ದುಡಿದವನ ಜೊತೆಯಲ್ಲಿ ನಿಂತರೆ ಮಾತ್ರ ಬರುವುದು.

ಕೆಲಸಗಾರರ ಸ್ಥಿತಿ.—ಇಂತಹ ತಾತ್ಕಾಲಿಕ ನೌಕರನಿಗೆ ಒಂದು ವರ್ಷದಲ್ಲಿ ೧,೦೩೯ ಗಂಟೆಗಳವರೆಗೆ, ಎಂದರೆ ಸುಮಾರು ಆರು ತಿಂಗಳು ಮಾತ್ರ ಕೆಲಸವುಂಟು. ಚಳಿಗಾಲದಲ್ಲಿ ಬೇರೆ ಜೀವನೋಪಾಯವನ್ನು ಹುಡುಕಿಕೊಳ್ಳಬೇಕು. ಹೀಗಿದ್ದರೂ ಎಷ್ಟೋ ಮಂದಿ ವರ್ಷ ವರ್ಷವೂ ಅದೇ ಕಾಡಿಗೆ ಹಿಂದಿರುಗುತ್ತಾರೆ. ಯಾವ ತಿರುವಿನಲ್ಲಿ ಒರತೆಯೇಳುವುದು, ಯಾವ ಗಟ್ಟೆಯು ಸಡಿಲವಾಗಿದೆ, ಯಾವ ಒಣಮರವು ಬೀಳಲು ಕಾದಿದೆ ಎಂಬುದು ಅವರ ತಲೆಯಲ್ಲಿರುವಷ್ಟು ಕಛೇರಿಯ ನಕ್ಷೆಯಲ್ಲಿರುವುದಿಲ್ಲ.

೨೦೧೩ರಲ್ಲಿ ಆ ದೇಶದ ಸರ್ಕಾರದ ಲೆಕ್ಕಪರಿಶೋಧಕರು ಪ್ರಕಟಿಸಿದ ವರದಿಯ ಪ್ರಕಾರ, ಒಟ್ಟು ದಾರಿಗಳಲ್ಲಿ ಸುಮಾರು ಕಾಲು ಭಾಗ ಮಾತ್ರ ಇಲಾಖೆಯವರ ಮಟ್ಟಕ್ಕೆ ಸರಿಯಾಗಿತ್ತು. ಹಿಂದೆ ಬಿದ್ದ ದುರಸ್ತಿಯ ಬಾಬ್ತು ೨೦೧೨ರಲ್ಲಿಯೇ ೩೧ ಕೋಟಿ ೪೦ ಲಕ್ಷ ಡಾಲರುಗಳಷ್ಟಾಗಿತ್ತು. ೨೦೧೬ರಲ್ಲಿ ಸ್ವಯಂಸೇವಕರ ನೆರವನ್ನು ಹೆಚ್ಚಿಸಬೇಕೆಂದು ಶಾಸನವಾಯಿತು. ೨೦೨೪ರ ಸೆಪ್ಟೆಂಬರ್ ತಿಂಗಳಲ್ಲಾದರೋ, ಹಣದ ಅಭಾವದಿಂದ ೨೦೨೫ನೆಯ ಆಯವ್ಯಯ ವರ್ಷಕ್ಕೆ ಬೆಂಕಿಯಾರಿಸುವವರ ಹೊರತು ಬೇರೆ ತಾತ್ಕಾಲಿಕ ಹಂಗಾಮಿ ನೌಕರರನ್ನು ನೇಮಿಸುವುದಿಲ್ಲವೆಂದು ಪ್ರಕಟಿಸಲಾಯಿತು. ಸ್ವಯಂಸೇವಕರ ಶ್ರಮವು ಸ್ತುತ್ಯವಾದುದೇ. ಆದರೆ ಅವರಿಗೆ ಗರಗಸ ಹಿಡಿಯುವುದನ್ನು ಕಲಿಸಬೇಕಾದವನೇ ಬಾರದೆಹೋದರೆ ಆ ಶ್ರಮಕ್ಕೆ ದಾರಿ ತೋರಿಸುವವರಾರು? ಒಂದು ವರ್ಷ ಉಳಿತಾಯವಾದ ಕೂಲಿಯು ಮುಂದೆ ಕೊರಕಲಿನ ರೂಪದಲ್ಲಿ ಲೆಕ್ಕಕ್ಕೆ ಬರುವುದು. ಚದುರಿಹೋದ ಅನುಭವವಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ರೈತರು ಗಮನಿಸಬೇಕಾದುದು.—ಮಲೆನಾಡಿನಲ್ಲಿ ಹಿಮವಿಲ್ಲವಾದರೂ ಮಳೆಯ ಹೊಡೆತವು ಅದಕ್ಕಿಂತ ಕಡಿಮೆಯಾದುದಲ್ಲ. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ ಸರಾಸರಿ ೩೦೦ ಅಂಗುಲಗಳ ಆಸುಪಾಸಿನಲ್ಲಿ ಮಳೆ ಬೀಳುವುದು. ಕಾಫಿ ಮತ್ತು ಅಡಿಕೆ ತೋಟಗಳಿಗೆ ಇಳಿಯುವ ದಾರಿಗಳನ್ನು ಉಪೇಕ್ಷಿಸಿದರೆ ಅವು ಹಳ್ಳಗಳಾಗಿ ತೋಟದ ಮೇಲ್ಮಣ್ಣನ್ನೇ ಹೊತ್ತುಕೊಂಡು ಹೋಗುವುವು. ಆದುದರಿಂದ ಬೆಟ್ಟದ ಪಕ್ಕದಲ್ಲಿ ಹಿಡುವಳಿಯುಳ್ಳವರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಲೇಸು.

ಮುಂಗಾರಿಗೆ ಮೊದಲು, ಮೇ ತಿಂಗಳ ಮಧ್ಯದೊಳಗಾಗಿ, ದಾರಿಯ ಎಲ್ಲಾ ಬಾಯಿಗಳನ್ನೂ ಬಿಡಿಸತಕ್ಕದ್ದು. ಮೊದಲ ಜಡಿಮಳೆ ಸುರಿಯುತ್ತಿರುವಾಗಲೇ ಗುದ್ದಲಿ ಹಿಡಿದು ದಾರಿಯಲ್ಲಿ ನಡೆದು ನೋಡತಕ್ಕದ್ದು. ನೀರು ಎಲ್ಲಿ ದಾರಿಯನ್ನು ಹಿಡಿಯುವುದೆಂದು ನೀರೇ ತೋರಿಸಿಕೊಡುವುದು. ಹೊರಬಿಟ್ಟ ನೀರನ್ನು ಬರಿಯ ಮಣ್ಣಿನ ಮೇಲಾಗಲಿ ನೆರೆಯವರ ಗದ್ದೆಯ ಮೇಲಾಗಲಿ ಬಿಡದೆ, ಕಲ್ಲು ಅಥವಾ ಹುಲ್ಲಿರುವ ಕಡೆಗೆ ತಿರುಗಿಸತಕ್ಕದ್ದು. ಮಳೆಗಾಲ ಕಳೆದ ಮೇಲೆ ಕೊರೆದ ಸ್ಥಳಗಳನ್ನು ಕಲ್ಲಿನಿಂದ ಗಟ್ಟಿಮಾಡತಕ್ಕದ್ದು. ಸಾಧ್ಯವಾದ ಮಟ್ಟಿಗೂ ಈ ಕೆಲಸಕ್ಕೆ ಪ್ರತಿ ವರ್ಷ ಅದೇ ಆಳನ್ನು ಕರೆಯುವುದು ಉತ್ತಮ. ಅವನಿಗೆ ಕೊಡುವ ನಾಲ್ಕು ದಿನದ ಕೂಲಿಯಲ್ಲಿ, ಹಿಂದಿನ ಮಳೆಗಾಲಗಳಲ್ಲಿ ಆ ನೀರು ಮಾಡಿದ ಚೇಷ್ಟೆಗಳೆಲ್ಲದರ ತಿಳಿವಳಿಕೆಯೂ ಸೇರಿರುತ್ತದೆ.