ಹದಿನೆಂಟು ಕೈಗಳ ಲೆಕ್ಕ

ಬಾದಾಮಿಯ ಮೊದಲನೇ ಗುಹೆಯ ಹೊರಮೈಯಲ್ಲಿ, ಕೆಂಪು ಬಂಡೆಯ ಮೇಲೆ ಹದಿನೆಂಟು ಕೈಗಳ ನಟರಾಜ ಕುಣಿಯುತ್ತಿದ್ದಾನೆ. ಒಂದು ದಿನ ಗೈಡ್ ಒಬ್ಬರು ಪ್ರವಾಸಿಗರ ಗುಂಪಿಗೆ ಆ ಕೈಗಳನ್ನು ಫ್ರೆಂಚಿನಲ್ಲಿ ಒಂದೊಂದಾಗಿ ಎಣಿಸಿ ತೋರಿಸುತ್ತಿದ್ದರು. ಮನೆಯವರ ಜೊತೆ ಗುಹೆ ನೋಡಲು ಬಂದಿದ್ದ ಇಳಕಲ್ಲಿನ ಹುಡುಗಿಯೊಬ್ಬಳು ಅಲ್ಲೇ ನಿಂತು ಕೇಳಿಸಿಕೊಂಡಳು, ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಅಂ, ದ, ತ್ರ್ವಾ, ಕಾತ್ರ್... ಕೊನೆಗೆ ದೀಜ್‌ವೀತ್.

ಆ ನೋಟ್‌ಬುಕ್ ನೋಡಲೆಂದೇ ನಾನು ಇಳಕಲ್ಲಿಗೆ ಹೋದೆ. ಪುಟದ ಎಡಕ್ಕೆ ಕನ್ನಡದ ಎಣಿಕೆ, ನಡುವೆ ಹಿಂದಿ, ಬಲಕ್ಕೆ ಫ್ರೆಂಚ್. ಹದಿನಾರರವರೆಗೆ ಫ್ರೆಂಚಿನವರಿಗೆ ಒಂದೊಂದು ಸಂಖ್ಯೆಗೂ ಬಿಡಿ ಹೆಸರು. ಹದಿನೇಳರಿಂದ 'ಹತ್ತು-ಏಳು', 'ಹತ್ತು-ಎಂಟು' ಎಂದು ಕೂಡಿಸುತ್ತಾರೆ. ಆ ಸಾಲಿನ ಕೆಳಗೆ ಗೆರೆ ಎಳೆದು ಅವಳು ಬರೆದಿದ್ದಳು: 'ಇಲ್ಲಿಂದ ನಮ್ಮಂಗ'. ಹೌದಲ್ಲ! ನಮ್ಮ ಹದಿನೆಂಟರಲ್ಲೂ ಹತ್ತು ಮೊದಲು ಬರುತ್ತದೆ, ಎಂಟು ಆಮೇಲೆ. ಹಿಂದಿಯ 'ಅಠಾರಹ್'ನಲ್ಲಿ ಎಂಟೇ ಮುಂದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಕಿವಿ ಎಲ್ಲಿ ತಯಾರಾಯಿತು ಎಂದು ಕೇಳಿದರೆ ಅವಳು ಓದುವ ನವೋದಯದ ಕತೆ ಹೇಳಬೇಕು.

ಹಳ್ಳಿಯ ಜಾಣ ಮಕ್ಕಳಿಗೆ ಖರ್ಚಿಲ್ಲದೆ ಒಳ್ಳೆಯ ಓದು ಸಿಗಲೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಜವಾಹರ್ ನವೋದಯ ವಿದ್ಯಾಲಯಗಳು ಬೆಳೆದವು. ಮೊದಲೆರಡು ಶಾಲೆಗಳು ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ. ಇಂದು ದೇಶದಲ್ಲಿ 600ಕ್ಕೂ ಹೆಚ್ಚು ಇವೆ. ಐದನೇ ಈಯತ್ತೆಯ ಮಕ್ಕಳು ಎರಡು ತಾಸಿನ ಪರೀಕ್ಷೆ ಬರೆಯುತ್ತಾರೆ. ಬುದ್ಧಿಶಕ್ತಿಗೆ 40 ಪ್ರಶ್ನೆ, ಲೆಕ್ಕಕ್ಕೆ 20, ಭಾಷೆಗೆ 20. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ನೂರಕ್ಕೆ 75 ಸೀಟು ಹಳ್ಳಿಯವರಿಗೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ 'ನಮ್ಮ ಹುಡುಗ ನವೋದಯಕ್ಕ ಆದ' ಎಂಬ ಮಾತಿಗೆ ಈಗಲೂ ಒಂದು ತೂಕವಿದೆ.

ಆ ಶಾಲೆಯ ಬಹಳ ದೊಡ್ಡ ಪಾಠವೊಂದು ಒಂಬತ್ತನೇ ತರಗತಿಯಲ್ಲಿ ಬರುತ್ತದೆ, ಅದರ ಹೆಸರು ಮೈಗ್ರೇಶನ್. ಆ ತರಗತಿಯ ನೂರಕ್ಕೆ 30 ಮಕ್ಕಳನ್ನು ಬೇರೆ ಭಾಷೆಯ ಸೀಮೆಯ ನವೋದಯಕ್ಕೆ ಒಂದು ವರ್ಷ ಕಳಿಸುತ್ತಾರೆ. ಕನ್ನಡದ ಮಕ್ಕಳು ಹಿಂದಿ ಸೀಮೆಗೆ, ಅಲ್ಲಿಯ ಮಕ್ಕಳು ಇಲ್ಲಿಗೆ. ಹೀಗೆ ರೈಲು ಹತ್ತಿದವರಲ್ಲಿ ಈ ಹುಡುಗಿಯೂ ಒಬ್ಬಳು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು.

'ಮೊದಲ ತಿಂಗಳ ಭಾಳ ಅತ್ತೀನ್ರೀ ಸರ್. ರೊಟ್ಟಿ ಮುಗದ ದಿನ ಮತ್ತಷ್ಟು ಅತ್ತೆ' ಅಂದಳು. ಅಲ್ಲಿ ಅವಳಿಗೆ ಹಿಂದಿ ಕಲಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ನಳದ ಮುಂದಿನ ಬಕೆಟ್ ಸಾಲು, ಮೆಸ್ಸಿನ ತಾಟು, ಖೋಖೋ ಅಂಕಣ. ತಪ್ಪು ಮಾತಾಡಿದರೂ ಮಾತಾಡಲೇಬೇಕು, ಇಲ್ಲದಿದ್ದರೆ ಬಕೆಟ್ ತುಂಬುವುದಿಲ್ಲ.

ಅವಳಿಗೆ ಬಹಳ ಕಾಡಿದ್ದು ಲಿಂಗ. ಕನ್ನಡದಲ್ಲಿ ಕಲ್ಲು, ನೀರು, ರೊಟ್ಟಿ ಎಲ್ಲವೂ 'ಅದು'. 'ಅಲ್ಲಿ ರೋಟಿ ಹೆಣ್ಣಂತ್ರೀ, ಪಾನಿ ಗಂಡಂತ್ರೀ. ಯಾಕಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ.' ಅದಕ್ಕೆ ಅವಳು ಕಾರಣ ಕೇಳುವುದನ್ನೇ ಬಿಟ್ಟಳು. ಪ್ರತಿ ಪದದ ಜೊತೆ ಒಂದು ವಾಕ್ಯವನ್ನೂ ಬಾಯಿಪಾಠ ಮಾಡತೊಡಗಿದಳು. ದೀಪಾವಳಿಯ ಹೊತ್ತಿಗೆ ಜಗಳವನ್ನೂ ಹಿಂದಿಯಲ್ಲೇ ಆಡುವಷ್ಟಾದಳು. ಹಿಂದಿ ಸೀಮೆಯಿಂದ ನಮ್ಮ ಕಡೆ ಬಂದ ಮಕ್ಕಳೂ ಹೀಗೆಯೇ 'ಳ'ಕ್ಕೆ ನಾಲಿಗೆ ಮಡಚುತ್ತಾ, ಜೋಳದ ರೊಟ್ಟಿ ಮುರಿಯುತ್ತಾ ಕನ್ನಡ ಕಲಿಯುತ್ತಾರೆ. ಈ ಕೊಡುಕೊಳ್ಳುವಿಕೆಯ ಸುದ್ದಿ ಪತ್ರಿಕೆಗಳಲ್ಲಿ ಬರುವುದು ತೀರ ಕಡಿಮೆ.

ಫ್ರಾನ್ಸ್ ಎಂಬ ದೇಶ ಅವಳಿಗೆ ಸಿಕ್ಕಿದ್ದೂ ಅಲ್ಲೇ. ಅವಳ ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ಇತಿಹಾಸದ ಮೊದಲ ಪಾಠ ಫ್ರೆಂಚ್ ಕ್ರಾಂತಿ. ಮೇಷ್ಟ್ರು ಅದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಊರಿಗೆ ಮರಳಿದ ಮೇಲೆ ಬಾದಾಮಿಯ ಮೆಟ್ಟಿಲ ಮೇಲೆ ಅದೇ ದೇಶದ ಮಾತು ಕಿವಿಗೆ ಬಿದ್ದಾಗ ಅವಳು ನಿಂತುಬಿಟ್ಟದ್ದು ಅದಕ್ಕೇ.

ಅಲ್ಲಿಂದ ರಜೆ ಬಂದಾಗಲೆಲ್ಲ ಅಪ್ಪನ ಫೋನಿನಲ್ಲಿ ಅವಳ ಫ್ರೆಂಚ್ ಸಾಗಿದೆ. ಆ ಭಾಷೆಯಲ್ಲೂ ಜೀವವಿಲ್ಲದ ವಸ್ತುವಿಗೆ ಗಂಡು-ಹೆಣ್ಣಿನ ಭೇದ ಇದೆ ಎಂದು ತಿಳಿದಾಗ ಹಿಂದಿಯ ವರ್ಷ ನೆನೆದು ನಕ್ಕಳಂತೆ. ಮೇಜು ಎರಡರಲ್ಲೂ ಹೆಣ್ಣು. ಪುಸ್ತಕ ಮಾತ್ರ ಹಿಂದಿಯ 'ಕಿತಾಬ್' ಆದರೆ ಹೆಣ್ಣು, ಫ್ರೆಂಚಿನ 'ಲೀವ್ರ್' ಆದರೆ ಗಂಡು. ಹಿರಿಯರಿಗೆ 'ವೂ', ಗೆಳತಿಗೆ 'ತ್ಯೂ' ಎನ್ನುವುದು, ಮಾತಿಗೊಮ್ಮೆ 'ರೀ' ಹಚ್ಚುವ ಸೀಮೆಯ ಹುಡುಗಿಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು', ತೊಂಬತ್ತೇಳಕ್ಕೆ 'ನಾಲ್ಕು ಇಪ್ಪತ್ತು ಹದಿನೇಳು' ಎಂಬುದನ್ನು ಅವಳು ಒಗಟಿನಂತೆ ನನ್ನ ಮುಂದಿಟ್ಟಳು. ನಾನು ಕೂಡಿಸುವಷ್ಟರಲ್ಲಿ ಉತ್ತರವನ್ನೂ ಹೇಳಿ ಮುಗಿಸಿದಳು.

ಇಂಥ ಮಕ್ಕಳಿಗೆ ವರ್ಷದ ಪಾಠವನ್ನು ಕೆಲವೇ ವಾರಗಳಲ್ಲಿ ಉಣಬಡಿಸಬಹುದು ಎಂದು ಜಗತ್ತು ಬಲ್ಲದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಗಣಿತದ ಜಾಣ ಮಕ್ಕಳನ್ನು ಹುಡುಕಿ ಈ ದಾರಿ ತೋರಿದರು. ನಮ್ಮಲ್ಲಿ ಫ್ರೆಂಚಿಗೆ ಬಾಗಿಲು ಇಲ್ಲವೇ? ಇದೆ. ಸಿಬಿಎಸ್‌ಇಯಲ್ಲಿ ಫ್ರೆಂಚ್ ಒಂದು ವಿಷಯ, ಹತ್ತನೇ ತರಗತಿಗೆ ಅದರ ಸಂಕೇತ 018. ನಮ್ಮ ಪಿಯುಸಿಯ ಭಾಷೆಗಳ ಪಟ್ಟಿಯಲ್ಲೂ ಅದಿದೆ. ಭಾಷೆಯ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು, ಫ್ರೆಂಚಿನ ಡೆಲ್ಫ್ ಪರೀಕ್ಷೆಯಲ್ಲಿ ಹದಿಹರೆಯದವರಿಗೆಂದೇ ಒಂದು ಬಗೆ. ಬೆಂಗಳೂರಿನ ವಸಂತನಗರದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ದಶಕಗಳಿಂದ ಕಲಿಸುತ್ತಿದೆ. ಆದರೆ ಇಳಕಲ್ಲಿನಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ಸಿನ ದಾರಿ. ನವೋದಯದಲ್ಲಿ ನಡೆಯುವುದು ಪ್ರಾದೇಶಿಕ ಭಾಷೆ, ಹಿಂದಿ, ಇಂಗ್ಲಿಷ್ ಎಂಬ ಮೂರು.

ಫ್ರೆಂಚ್ ನಮಗ್ಯಾಕೆ ಎಂದು ಕೇಳುವವರಿಗೆ ವಸುಂಧರಾ ಫಿಲಿಯೋಜಾ ಅವರ ಹೆಸರು ಹೇಳುತ್ತೇನೆ. ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳನ್ನು ಕುರಿತು ಈ ಕನ್ನಡತಿ ಫ್ರೆಂಚಿನಲ್ಲಿ ಬರೆದ ಗ್ರಂಥ 1973ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ನಮ್ಮ ಕಲ್ಲಿನ ಮಾತನ್ನು ಫ್ರೆಂಚರ ನುಡಿಯಲ್ಲಿ ಅವರಿಗೇ ಓದಿ ಹೇಳಿದರು. ಮೂರನೇ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಸೀಮೆಯಲ್ಲಿ ಅಂಥ ಇನ್ನೊಬ್ಬರು ಬೆಳೆಯಬಾರದೇ? ಬೇಸಿಗೆ ರಜೆಯಲ್ಲಿ ಒಬ್ಬ ಮೇಷ್ಟ್ರು, ಒಂದು ಕೋಣೆ, ಆರಿಸಿದ ಇಪ್ಪತ್ತು ಮಕ್ಕಳು ಇದ್ದರೆ ಸಾಕು. ವರ್ಷದೊಳಗೆ ಒಂದು ಭಾಷೆಯನ್ನು ಗೆದ್ದು ಬಂದ ಮಕ್ಕಳು ಈ ಸೀಮೆಯಲ್ಲಿದ್ದಾರೆ.

ಮಾತು ಮುಗಿಸಿ ಹೊರಟಾಗ ಅವಳ ತಾಯಿ ಮಗ್ಗದ ಮುಂದೆ ಬಾಗಿ ಕೂತಿದ್ದರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಟೋಪ್ ತೆನಿ ಎನ್ನುವ ಬೇರೆ ಬಣ್ಣದ ಸೆರಗು ಒಡಲಿಗೆ ಹತ್ತುವುದು ಹಾಗೆ.

'ನಾಳೆ ಸಾಲಿಗೆ ಹೊಂಟಾಳ್ರೀ. ಅಲ್ಲಿ ಫೋನ್ ಇಡಂಗಿಲ್ಲ' ಅಂದರು ಕೊಂಡಿಯಿಂದ ಕಣ್ಣೆತ್ತದೆ.

ಹುಡುಗಿ ಟ್ರಂಕಿಗೆ ಗಣಿತ, ಭೌತಶಾಸ್ತ್ರದ ಪುಸ್ತಕ ತುಂಬುತ್ತಿದ್ದಳು. ಮೂರು ಭಾಷೆಯ ಎಣಿಕೆಯ ಆ ನೋಟ್‌ಬುಕ್ ಮಾತ್ರ ಮಾಡದಲ್ಲಿ, ನೂಲಿನ ಲಡಿಗಳ ಪಕ್ಕ, ದಸರೆಯ ರಜೆಗೆ ಕಾಯುತ್ತ ಉಳಿಯಿತು.