ಜಾತ್ರೆಯಲ್ಲಿ ಟ್ರೇಲರ್ ಬಿಚ್ಚುವ ಮುನ್ನ

ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಮ್ಮ ಮನೆಯವರೆಲ್ಲ ಟ್ರ್ಯಾಕ್ಟರಿನಲ್ಲೇ ಹೋಗೋದು. ಟ್ರೇಲರಿಗೆ ತಾಡಪತ್ರಿ ಕಟ್ಟಿದರೆ 2 ದಿನಕ್ಕೆ ಅದೇ ಮನೆ. ಆದರೆ ಅಲ್ಲಿ ಸಪಾಟು ಜಾಗ ಎಲ್ಲಿ ಸಿಗಬೇಕು?

ಒಂದು ವರ್ಷ ಅವಸರದಲ್ಲಿ ಗಾಲಿಗೆ ಕಲ್ಲು ಕೊಡದೇ ಪಿನ್ನು ಎಳೆದೆ. ಟ್ರೇಲರು ಜ್ಯಾಕಿನಿಂದ ಜಾರಿ ಮೊಳದುದ್ದ ಹಿಂದೆ ಸರೀತು. ಅಲ್ಲಿ ಒಲೆ ಹೂಡುತ್ತಿದ್ದ ನಮ್ಮ ಅತ್ತಿಗೆಯ ಪಾದದ ಎಲುಬು ಮುರೀತು. ಇವತ್ತಿಗೂ ಕುಂಟುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಡಬಲದ ಮಟ್ಟ, ಹಿಂದುಮುಂದಿನದು ಆಮೇಲೆ. ಯಾಕೆಂದರೆ ಮುಂದಿನ ಕೊಂಡಿಯನ್ನು ಜ್ಯಾಕಿನಿಂದ ಎತ್ತಿ ಇಳಿಸಬಹುದು. ಗಾಲಿ ಎತ್ತರಿಸಲು ಟ್ರ್ಯಾಕ್ಟರೇ ಎಳೆಯಬೇಕು. ಗಾಲಿಯನ್ನೇ ಜ್ಯಾಕಿನಿಂದ ಎತ್ತಿ ಕಲ್ಲು ತುರುಕುವವರಿದ್ದಾರೆ. ಇಳಿಜಾರಿನಲ್ಲಿ ಅದು ಬೇಡವೇ ಬೇಡ.

ಮಟ್ಟ ನೋಡಲು ತಾಟಿನಲ್ಲಿ ನೀರು ಸಾಕು. ತಗ್ಗಿನ ಕಡೆ ನೀರು ಏರುತ್ತದೆ. ಆ ಕಡೆಯ ಗಾಲಿಯ ಮುಂದೆ ಟೈರಿಗಿಂತ ಅಗಲವಾದ 2 ಇಂಚಿನ ಹಲಗೆ ಇಟ್ಟು ನಿಧಾನ ಹತ್ತಿಸಿ. ಸಾಲದಿದ್ದರೆ ಇನ್ನೊಂದು. ದುಂಡುಗಲ್ಲು ಬೇಡ, ಜಾರುತ್ತದೆ.

ಈಗ ಎರಡೂ ಗಾಲಿಗೆ ಹಿಂದೆ ಮುಂದೆ ಬಿಗಿಯಾಗಿ ಕಲ್ಲು ಕೊಡಿ. ಕೊಂಡಿಯ ಕೆಳಗೆ ಹಲಗೆ, ಅದರ ಮೇಲೆ ಜ್ಯಾಕು. ಭಾರ ಜ್ಯಾಕಿಗೆ ಬಂದ ಮೇಲೆಯೇ ಪಿನ್ನು ತೆಗೀರಿ. ಆಗ ಹಿಂದೆ ಯಾರೂ ಇರಬಾರದು. ತಾಟಿನ ನೀರು ಸಮ ಆಗುವ ತನಕ ಎತ್ತಿ ಇಳಿಸಿ, ಕೊನೆಗೆ ಮರದ ದಿಮ್ಮಿ ಕೊಟ್ಟು ಭಾರ ಅದರ ಮೇಲೆ ಬಿಡಿ. ಜ್ಯಾಕು ನಂಬಿ ಮಲಗೋದಲ್ಲ.

ಹಿಂಭಾಗಕ್ಕೂ ಎರಡು ಆಸರೆ ಕೊಡಿ. ನಾಲ್ಕು ಜನ ಹಿಂದೆ ಕೂತರೆ ಮೂತಿ ಮೇಲೇಳುತ್ತದೆ. ಹುಡುಗರಿಗೆ ಅದೇ ಆಟ.